ಯೋಗರಾಜನ ಜಾಗ

ನಿಟ್ಟೂರಿನ ಹುಲಿಯಮ್ಮನ ಮನೆಯಲ್ಲಿ ಊಟಕ್ಕೆ ಕೂರುವವರಿಗೆ ಒಂದು ಸಂಗತಿ ಗೊತ್ತಿರಲೇಬೇಕು. ಅಡುಗೆಮನೆ ಬಾಗಿಲಿನ ಎದುರಿಗೆ, ಕಿಟಕಿಯ ಕೆಳಗೆ ಒಂದು ಮಣೆ ಇದೆ. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ. ಅದು ಮಗ ಯೋಗರಾಜನ ಜಾಗ. ಯೋಗರಾಜ ಹೋದ ವರ್ಷದ ಬೇಸಿಗೆಯಲ್ಲಿ ಹಿನ್ನೀರಿಗೆ ಹೋದವನು ಬಂದಿಲ್ಲ. ಬಂದಿಲ್ಲ ಎಂದರೆ ಬಂದಿಲ್ಲ, ಅವನ ಹೆಣವೂ ಬಂದಿಲ್ಲ.

ಆಗ ನೀರು ತಳ ಕಂಡಿತ್ತು. ಎಂದೋ ಮುಳುಗಿದ ಊರಿನ ಅಡಿಪಾಯಗಳು ಮೇಲೆದ್ದಿದ್ದವು. ಅಜ್ಜನ ಮನೆಯ ತುಳಸಿಕಟ್ಟೆ ಕಾಣುತ್ತಿದೆ ಎಂದು ಯಾರೋ ಹೇಳಿದ್ದೇ ತಡ, ನೋಡಿಕೊಂಡು ಬರುತ್ತೇನೆಂದು ದೋಣಿ ತೆಗೆದುಕೊಂಡು ಹೊರಟ. ಸಂಜೆ ಗಾಳಿಮಳೆ ಬಂತು. ಮರುದಿನ ದೋಣಿ ಮಗುಚಿಕೊಂಡು ಆಚೆ ದಡದಲ್ಲಿತ್ತು. ಮುಳುಗು ಹಾಕುವವರು ಬಂದು ಹುಡುಕಿದರು. ಕೆಳಗೆಲ್ಲ ಹಳೇ ಕಾಡಿನ ಮರದ ಬೊಡ್ಡೆಗಳು, ಅದರಲ್ಲಿ ಸಿಕ್ಕಿಕೊಂಡರೆ ಮೇಲೆ ಬರುವುದಿಲ್ಲ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಹೋದರು. ಅಷ್ಟರ ಮೇಲೆ ಯಾರು ತಾನೆ ಏನು ಮಾಡಿಯಾರು.

ಅಂದಿನಿಂದ ಹುಲಿಯಮ್ಮ ಎರಡು ಹೊತ್ತೂ ಮಗನ ಸ್ಟೀಲಿನ ತಟ್ಟೆಗೆ ಬಡಿಸಿ ಕಿಟಕಿಯ ಕೆಳಗೆ ಇಡುತ್ತಾಳೆ. ಎಲ್ಲರ ಊಟ ಮುಗಿದ ಮೇಲೆ ಅದನ್ನು ಎತ್ತಿ ದನಕ್ಕೆ ಹಾಕುತ್ತಾಳೆ. ಹುಚ್ಚು ಎಂದು ಕೇರಿಯವರು ಅಂದುಕೊಳ್ಳಬಹುದು. ಅವಳ ಎದುರಿಗೆ ಅನ್ನುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಸೊಸೆ ವಿನಯಾ ತೀರ್ಥಹಳ್ಳಿಯ ಕಡೆಯವಳು. ಕೆಲಸ ಸಾಗರದಲ್ಲಿ, ಅಡಿಕೆ ಮಂಡಿಯ ಮಹಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಅಡಿಕೆ ಚೀಲ ಎತ್ತುವವರ ಕೂಗಾಟ, ಮೇಲೆ ಇವಳ ಕಂಪ್ಯೂಟರುಗಳ ಗುಂಯ್ ಶಬ್ದ. ಶನಿವಾರ ಬಂದರೆ ನಿಟ್ಟೂರಿಗೆ ಬಸ್ಸು ಹತ್ತುತ್ತಾಳೆ. ಮೊದಲು ಲಾಂಚಿನಲ್ಲಿ ದಾಟುತ್ತಿದ್ದ ಹಿನ್ನೀರನ್ನು ಈಗ ಸೇತುವೆಯ ಮೇಲೆ ದಾಟಬಹುದು. ಸೇತುವೆ ಬಂತೆಂದರೆ ಬಸ್ಸಿನವರೆಲ್ಲ ನೀರು ನೋಡುತ್ತಾರೆ, ಮೊಬೈಲು ಎತ್ತಿ ಹಿಡಿಯುತ್ತಾರೆ. ವಿನಯಾ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂರುತ್ತಾಳೆ. ಯೋಗರಾಜ ಸೇತುವೆ ಕಂಡವನಲ್ಲ, ಅದು ಮುಗಿಯುವ ಮೊದಲೇ ಹೋದ.

ಅವಳದೂ ಒಂದು ಹುಚ್ಚು ಇತ್ತು ನೋಡಿ. ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟುಬಿಡುತ್ತಿದ್ದಳು. ಯಾರಾದರೂ ಇದ್ದಾರಾ ಎಂದು ಕೇಳಿದರೆ “ಇದಾರೆ” ಎನ್ನುತ್ತಿದ್ದಳು. “ಬ್ಯಾಗಿಗೂ ಟಿಕೇಟು ಕೊಡ್ಲಾ ಮೇಡಂ?” ಎಂದು ಕಂಡಕ್ಟರು ಗೊಣಗಿದರೂ ತೆಗೆಯುತ್ತಿರಲಿಲ್ಲ. ಸೇತುವೆಯ ನಡುವೆ ಬರುವಾಗ ಆ ಸೀಟು ಒಂದಿಷ್ಟು ಕುಸಿದಂತೆ, ಒದ್ದೆ ಅಂಗಿಯ ತಣ್ಣಗಿನ ಗಾಳಿ ತೋಳಿಗೆ ತಾಗಿದಂತೆ ಅವಳಿಗೆ ಆಗುತ್ತಿತ್ತು. ಭಯವಾಗುತ್ತಿತ್ತು. ಆಗದಿದ್ದ ವಾರ ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಈ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಯೋಗರಾಜನ ದೊಡ್ಡಪ್ಪ ಬೆಳ್ಳಪ್ಪ ಬಂದು ಜಗುಲಿಯಲ್ಲಿ ಕೂತ. ಆ ದಿನ ಮನೆಯ ಹಿರಿಯರಿಗೆ, ಎಂದರೆ ತೀರಿಕೊಂಡವರಿಗೆ, ಎಡೆ ಇಡುತ್ತಾರೆ. ಎಲೆ ಹಾಕಿ, ಅವರವರಿಗೆ ಸೇರುವ ಅಡುಗೆ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಅವರು ಬಂದು ಉಣ್ಣುವುದನ್ನು ಯಾರೂ ನೋಡಬಾರದು. ಹಣಕಿ ನೋಡಿದರೆ ಅರ್ಧಕ್ಕೆ ಎದ್ದು ಹೋಗುತ್ತಾರಂತೆ.

“ಈ ಸಲ ಯೋಗುಗೂ ಎಡೆ ಹಾಕ್ಲೇಬೇಕು,” ಎಂದ ಬೆಳ್ಳಪ್ಪ. “ವರ್ಷ ಆಗಿ ಹೋತು. ಮೊನ್ನೆ ನನ್ ಹೆಂಡ್ತಿ ಕನಸಲ್ಲಿ ಬೇಲಿ ಉಣುಗೋಲಿನ ಹತ್ರ ನಿಂತಿದ್ನಂತೆ, ಮೈಯೆಲ್ಲ ನೀರು. ಒಳಗೆ ಬಾ ಅಂದ್ರೆ ಬರ್ಲಿಲ್ವಂತೆ. ಹಸ್ಕೊಂಡು ತಿರುಗ್ತಾ ಇದಾನೆ ಹುಲಿಯಮ್ಮಾ.”

“ಬದ್ಕಿರೋನಿಗೆ ಎಡೆ ಹಾಕಿದ್ರೆ ಅವ್ನ ಆಯಸ್ಸನ್ನ ಯಾರು ತಂದ್ಕೊಡ್ತಾರೆ ಭಾವ? ನೀವು ಕೊಡ್ತೀರಾ?” ಎಂದಳು ಹುಲಿಯಮ್ಮ.

ಇಬ್ಬರೂ ವಿನಯಾಳ ಮುಖ ನೋಡಿದರು. ಕಟ್ಟಿಕೊಂಡವಳು ಹೇಳಿದರೆ ಆಯಿತು ಎಂಬುದು ಇಬ್ಬರ ಲೆಕ್ಕ. ಎಡೆ ಹಾಕಿದರೆ ಅವನನ್ನು ತಾನೇ ಕೊಂದಂತೆ. ಹಾಕದಿದ್ದರೆ, ಸತ್ತಿದ್ದರೆ, ತಾನೇ ಹಸಿವಿನಲ್ಲಿ ತಿರುಗಿಸಿದಂತೆ. ಒಬ್ಬ ಹೆಣ್ಣಿನ ತಲೆಯ ಮೇಲೆ ಇಷ್ಟು ಭಾರ ಹೊರಿಸಿ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂರುವುದು ಸುಲಭ. “ಹಬ್ಬದ ದಿನ ಹೇಳ್ತೀನಿ,” ಎಂದು ವಿನಯಾ ಎದ್ದು ಹೋದಳು.

ಸಾಗರಕ್ಕೆ ಬಂದರೆ ಅಲ್ಲಿಯ ಕೆಲಸವೂ ಅದೇ ಗಂಟು ಹಾಕಿಕೊಂಡು ಕೂತಿತ್ತು.

ಅವಳ ಕೆಲಸವನ್ನು ಬಿಡಿಸಿ ಹೇಳಿದರೆ ಇಷ್ಟೇ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ಸಣ್ಣ ಕಂಪ್ಯೂಟರುಗಳು ಬಾಡಿಗೆಗೆ ಇದ್ದ ಹಾಗೆ ಇರುತ್ತವೆ. ದೊಡ್ಡದಕ್ಕೆ ಹೋಸ್ಟ್ ಎನ್ನುತ್ತಾರೆ, ಅದು ಮನೆಯ ಯಜಮಾನ. ಸಣ್ಣವು ವರ್ಚುವಲ್ ಮೆಷಿನ್ನುಗಳು. ಅವುಗಳಲ್ಲಿ ಕೆಲವು ಗುಪ್ತ ಮೆಷಿನ್ನುಗಳು. ಒಳಗಿನಿಂದ ಅಗುಳಿ ಹಾಕಿಕೊಂಡಿರುತ್ತವೆ, ಯಜಮಾನನೂ ಹಣಕಿ ನೋಡುವ ಹಾಗಿಲ್ಲ. ಪ್ರತಿ ಮೆಷಿನ್ನಿನೊಳಗೂ ಕರ್ನಲ್ ಎಂಬುದೊಂದು ಇದ್ದು, ಎದ್ದ ಕೂಡಲೇ ಯಾರು ಎಲ್ಲಿ ಕೂರಬೇಕು ಎಂದು ಜಾಗ ಹಂಚುತ್ತದೆ. ಪರದೆಯ ಚಿತ್ರ ಬರೆಯುವ ಜಾಗ ಫ್ರೇಮ್‌ಬಫರ್. ಅದನ್ನು ಮೊದಲೇ ಕಾದಿರಿಸಬೇಕು. ಇಲ್ಲದಿದ್ದರೆ ಇನ್ನಾವುದೋ ಬಂದು ಅಲ್ಲಿ ಕೂತುಬಿಡುತ್ತದೆ.

ಪರದೆಯ ವಿಳಾಸ, ಎಂದರೆ ಆ ಜಾಗ ಎಲ್ಲಿ ಶುರು ಎಂಬ ಅಂಕಿ, ಸೊನ್ನೆ ಎಂದು ಬಂದರೆ ಪರದೆ ಇಲ್ಲ, ಜಾಗ ಕಾದಿರಿಸುವುದು ಬೇಡ ಎಂದು ಅದನ್ನು ನೋಡಿಕೊಳ್ಳುವ ಡ್ರೈವರ್ ಎಂಬ ಪ್ರೋಗ್ರಾಮಿನಲ್ಲಿ ಯಾರೋ ಬರೆದಿಟ್ಟಿದ್ದರು. ಗುಪ್ತ ಮೆಷಿನ್ನಿಗೆ ಅದು ಸರಿಯೇ. ಅಗುಳಿ ಹಾಕಿಕೊಂಡವರಿಗೆ ಹೊರಗೆ ತೋರಿಸುವ ಪರದೆ ಎಂತಕ್ಕೆ? ಆದರೆ ಗುಪ್ತವಲ್ಲದ ಬೇರೆ ಮೆಷಿನ್ನು ಏಕಾಏಕಿ ಕುಸಿದು ಬಿದ್ದಾಗ ಒಂದು ವಿಚಿತ್ರ ನಡೆಯುತ್ತದೆ. ಸತ್ತ ಕರ್ನಲಿನ ಪಕ್ಕದಲ್ಲಿ ಎರಡನೆಯ ಕರ್ನಲ್ ಒಂದು ಎದ್ದು ಕೂರುತ್ತದೆ. ಮೊದಲಿನದು ಹೇಗೆ ಸತ್ತಿತು ಎಂದು ನೋಡಿ ಹೊರಗೆ ತಿಳಿಸುವುದೊಂದೇ ಅದರ ಕೆಲಸ. ಆ ಎರಡನೆಯದು, ತಿಳಿಸಬೇಕು ಎನ್ನುವಷ್ಟರಲ್ಲಿ, ಬಾಯಿ ಕಟ್ಟಿ ನಿಂತುಬಿಡುತ್ತಿತ್ತು. ಸುದ್ದಿ ಹೊರಗೆ ಕಳಿಸಬೇಕಾದ ನೆಟ್‌ವರ್ಕ್ ಕಾರ್ಡು ಉಸಿರು ಬಿಡುತ್ತಿರಲಿಲ್ಲ. ಯಾಕೆ ಎಂದು ತಿಳಿಯದೆ ವಿನಯಾ ಮತ್ತು ಅವಳ ಜೊತೆ ಕೆಲಸ ಮಾಡುವ ಸುನಿಲ್ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

ಇದರಲ್ಲಿ ವಿನಯಾಳಿಗೆ ಸಹಿಸಲಾಗದ ಮಾತೊಂದಿತ್ತು. ಕೇಬಲ್ ಎಳೆಯುವ ಕೆಲಸದ ಯೋಗರಾಜ ಒಮ್ಮೆ ಅವಳನ್ನು ಊಟಕ್ಕೆ ಕರೆದುಕೊಂಡು ಹೋಗಲು ಬಂದು, ಕಾದು ಕಾದು ಬೇಸತ್ತು, ಪರೀಕ್ಷೆಯ ಮೆಷಿನ್ನು ಎದ್ದಾಗ ಪರದೆಯ ಮೇಲೆ ಬರುವ ಸಾಲನ್ನು ಬದಲಿಸಿ ‘ಊಟ ಆಯ್ತಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿಟ್ಟಿದ್ದ. ಅವಳು ನಕ್ಕು ಹಾಗೇ ಬಿಟ್ಟಿದ್ದಳು. ಈಗ ಮೆಷಿನ್ನು ಸತ್ತಾಗಲೆಲ್ಲ ಹೋಸ್ಟಿನ ಪರದೆಯಲ್ಲಿ ತೆರೆದಿದ್ದ ಆ ಮೆಷಿನ್ನಿನ ಕಿಟಕಿಯಲ್ಲಿ ಕೊನೆಯ ಚಿತ್ರ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಸತ್ತ ಮೆಷಿನ್ನು, ಮಾತಿಲ್ಲದ ಕಾರ್ಡು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಊಟ ಆಯ್ತಾ’.

“ಇದನ್ನ ಅಳಿಸಿಬಿಡ್ಲಾ ವಿನಯಾ?” ಎಂದು ಸುನಿಲ್ ಒಮ್ಮೆ ಮೆಲ್ಲಗೆ ಕೇಳಿದ.

“ಮುಟ್ಬೇಡ,” ಎಂದಳು ಅವಳು.

ಹಬ್ಬದ ಹಿಂದಿನ ದಿನ ಸುನಿಲ್ ತನ್ನ ಕಾರಿನಲ್ಲೇ ಅವಳನ್ನು ನಿಟ್ಟೂರಿಗೆ ಬಿಟ್ಟ. ಅವನಿಗೆ ಅಲ್ಲಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ, ತನ್ನ ಮನೆಗೆ ಹೋಗಬೇಕಿತ್ತು. ಬಾಗಿಲಿಗೆ ಬಂದವನನ್ನು ಹುಲಿಯಮ್ಮ ಸುಮ್ಮನೆ ಬಿಡುತ್ತಾಳೆಯೇ? “ಉಂಡ್ಕೊಂಡು ಹೋಗು ಮಗಾ, ತೀರ್ಥಳ್ಳಿ ಎಲ್ಲಿಗೂ ಓಡಿ ಹೋಗಲ್ಲ,” ಎಂದಳು. ವಿನಯಾ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಸುನಿಲ್ ಒಳಗೆ ಬಂದು ನೋಡಿದ. ಖಾಲಿ ಮಣೆ ಕಂಡಿತು. ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಕೂತ.

ವಿನಯಾ ಹಿತ್ತಿಲ ಬಾಗಿಲು ದಾಟುವುದಕ್ಕೂ ಹುಲಿಯಮ್ಮ ಬಡಿಸಿದ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬರುವುದಕ್ಕೂ ಸರಿಹೋಯಿತು. ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತವನ ಮುಖ ಮುದುಕಿಗೆ ಕಾಣುತ್ತಿರಲಿಲ್ಲ. ಭುಜ ಕಂಡಿತು, ಬಾಗಿದ ತಲೆ ಕಂಡಿತು. ಅವಳ ಮುಖದಲ್ಲಿ ಆಗ ಬಂದ ಕಳೆಯನ್ನು ವಿನಯಾ ಸಾಯುವ ತನಕ ಮರೆಯುವುದಿಲ್ಲ.

“ಯೋಗೂ,” ಎಂದಳು ಹುಲಿಯಮ್ಮ. ಕೂಗಲಿಲ್ಲ, ದಿನಾ ಕರೆಯುವಂತೆಯೇ ಕರೆದಳು. “ಬಂದ್ಯಾ?”

ಸುನಿಲ್ ತಲೆ ಎತ್ತಿದ. ತಟ್ಟೆ ಕೆಳಗೆ ಬಿತ್ತು. ಅನ್ನ, ಸಾರು ನೆಲದ ಮೇಲೆಲ್ಲ ಹರಡಿತು. ಹುಲಿಯಮ್ಮ ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಸುನಿಲ್ ಹಾರಿ ಎದ್ದು, ಏನು ತಪ್ಪಾಯಿತೆಂದು ತಿಳಿಯದೆ ನಿಂತಲ್ಲೇ ನಿಂತ. ಪಾಪ, ಅವನದೇನು ತಪ್ಪು. ಖಾಲಿ ಇತ್ತು, ಕೂತ. ಅದು ಕಾದಿರಿಸಿದ ಜಾಗ ಎಂದು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ವಿನಯಾ ನೆಲ ಒರೆಸಿದಳು. ಅತ್ತೆಯ ಬಾಯಿಗೆ ನೀರು ಹಿಡಿದಳು, ಒಳಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಒರೆಸುವ ಬಟ್ಟೆ ಹಿಂಡುತ್ತಿದ್ದಾಗಲೇ ಅವಳ ಕೈ ನಿಂತದ್ದು. ಎರಡನೆಯ ಕರ್ನಲಿಗೂ ಯಾರೂ ಹೇಳಿಲ್ಲ. ಅದು ಕಣ್ಣು ಬಿಟ್ಟಾಗ ಪರದೆಯ ವಿಳಾಸ ತಿಳಿಸುವವರಿಲ್ಲ, ಅದಕ್ಕೇ ಸೊನ್ನೆ. ಜಾಗ ಖಾಲಿ ಎಂದುಕೊಂಡು ಅಲ್ಲಿ ಕಾರ್ಡನ್ನು ಕೂರಿಸುತ್ತದೆ. ಹೋಸ್ಟ್ ಮಾತ್ರ ಆ ಜಾಗವನ್ನು ಬಿಟ್ಟೇ ಇಲ್ಲ, ಇನ್ನೂ ‘ಊಟ ಆಯ್ತಾ’ ಎಂಬ ಚಿತ್ರವನ್ನು ಅಲ್ಲೇ ಇಟ್ಟುಕೊಂಡು ಕೂತಿದೆ.

ಜಗುಲಿಯ ತುದಿಯ ಕಟ್ಟೆಯಲ್ಲಿ ಒಂದಿಷ್ಟು ಸಿಗ್ನಲ್ ಸಿಗುತ್ತದೆ. ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕೂತರು. ಸೊನ್ನೆ ಬಂದರೂ ಪರದೆಗೆ ಜಾಗ ಕಾದಿರಿಸುವಂತೆ ವಿನಯಾ ತಿದ್ದಿದಳು. ಸಾಗರದ ಮೆಷಿನ್ನನ್ನು ಇಲ್ಲಿಂದಲೇ ಬೇಕೆಂದು ಕೆಡವಿದಳು. ಎರಡನೆಯದು ಎದ್ದಿತು. ಕಾರ್ಡು ಬೇರೆ ಕಡೆ ಕೂತಿತು. ಮೊದಲನೆಯದು ಹೇಗೆ ಸತ್ತಿತೆಂಬ ಸುದ್ದಿ ಅಷ್ಟೂ ಹೊರಗೆ ಬಂತು.

“ಬಂತು,” ಎಂದ ಸುನಿಲ್. ಆಮೇಲೆ ಗುಪ್ತ ಮೆಷಿನ್ನಿನ ಮೇಲೆ ಅದನ್ನೇ ಹಾಕಿ ನೋಡಿ ಮುಖ ಸಣ್ಣಗೆ ಮಾಡಿದ. “ಇಲ್ಲಿ ಕೆಟ್ಟೋಯ್ತು. ಈ ಮೆಷಿನ್ನಿಗೆ ಕೊಟ್ಟಿರೋದೇ ಇಷ್ಟು ಜಾಗ. ಅದನ್ನೂ ಪರದೆಗೆ ಅಂತ ಹಿಡಿದಿಟ್ರೆ ಕಾರ್ಡಿಗೆ ಕೂರೋಕೆ ಜಾಗ ಇಲ್ಲ. ಇಲ್ದೇ ಇರೋನಿಗೆ ಜಾಗ ಇಟ್ಟು, ಇರೋರನ್ನ ಹೊರಗೆ...” ಎಂದವನು ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡ.

ಒಳಗಿನಿಂದ ಹುಲಿಯಮ್ಮ ಮಗ್ಗಲು ಬದಲಿಸಿದ ಸದ್ದು ಕೇಳಿತು.

“ತಪ್ಪು ಎಲ್ಲಾಗ್ತಿದೆ ಗೊತ್ತಾ?” ಎಂದಳು ವಿನಯಾ. “ಸೊನ್ನೆ ಅಂದ್ರೆ ‘ಇಲ್ಲ’ ಅಂತನೂ ಆಗ್ಬಹುದು, ‘ಗೊತ್ತಿಲ್ಲ’ ಅಂತನೂ ಆಗ್ಬಹುದು. ನಾವು ಸೊನ್ನೆ ನೋಡಿ ಊಹೆ ಮಾಡ್ತಾ ಇದೀವಿ. ಊಹೆ ಮಾಡೋದಲ್ಲ. ಇಲ್ಲ ಅಂತ ಹೇಳ್ಬೇಕಾದ್ದು ಹೋಸ್ಟು. ಈ ಮೆಷಿನ್ನಿಗೆ ನಾನು ಪರದೆ ಕೊಟ್ಟೇ ಇಲ್ಲ ಅಂತ ಅದು ಹೇಳಿದ್ರೆ ಜಾಗ ಬಿಡೋಣ. ಹೇಳೋ ತನಕ ಹಿಡಿದಿಡೋಣ.”

ಹಾಗೇ ಬರೆದಳು. ಪೂರ್ತಿ ಪರೀಕ್ಷೆ ಮುಗಿಯಲು ಇಡೀ ಒಂದು ದಿನ ಬೇಕು. ಮುಗಿದ ಮೇಲೆ ಫೋನು ಮಾಡುತ್ತೇನೆ ಎಂದು ಸುನಿಲ್ ಹೊರಟ. ಹೋಗುವ ಮೊದಲು ಹುಲಿಯಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು.

ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಒಲೆಯ ಮೇಲೆ ಕಡುಬು ಬೇಯುತ್ತಿತ್ತು. ವಿನಯಾ ಕೆಸುವಿನ ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು.

“ಅತ್ತೆ, ದೊಡ್ಡಮಾವ ಬಂದು ಕೇಳ್ತಾರೆ. ನಾನು ಹೇಳಲ್ಲ. ನನ್ ಹತ್ರ ಆಗಲ್ಲ. ಹೆತ್ತೋರು ನೀವು. ನೀವು ಏನು ಹೇಳ್ತೀರೋ ಅದು.”

ಹುಲಿಯಮ್ಮ ಒಲೆಗೆ ಕಟ್ಟಿಗೆ ಒತ್ತಿದಳು. ಮೀನು ಸಾರಿಗೆ ಹುಳಿ ಹಿಂಡುವಾಗ ಸ್ವಲ್ಪ ಹೆಚ್ಚೇ ಹಿಂಡಿದಳು. ಹುಳಿ ಮುಂದೆ ಇದ್ದರೆ ಯೋಗರಾಜ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದ.

ಮಧ್ಯಾಹ್ನ ಬೆಳ್ಳಪ್ಪ ಬಂದ. ನಡುಮನೆಯಲ್ಲಿ ಹಿರಿಯರಿಗೆ ಸಾಲಾಗಿ ಎಲೆ ಹಾಕಿದರು. ಆ ಮನೆಯ ಪದ್ಧತಿಯಲ್ಲಿ ಬದುಕಿರುವವರಿಗೆ ಎಲೆಯ ತುದಿ ಎಡಕ್ಕೆ, ಹಿರಿಯರಿಗೆ ಬಲಕ್ಕೆ. ಅಜ್ಜನ ಎಲೆಗೆ ಬೀಡಿ ಕಟ್ಟು, ಅಜ್ಜಿಯ ಎಲೆಗೆ ಎಲೆಯಡಿಕೆಯ ಕವಳ. ಎಲ್ಲ ಬಡಿಸಿದ ಮೇಲೆ ಬೆಳ್ಳಪ್ಪ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ವಿನಯಾ ಇನ್ನೊಂದು ಎಲೆ ತಂದು ಕಿಟಕಿಯ ಕೆಳಗೆ, ಮಣೆಯ ಮುಂದೆ ಹಾಕಿದಳು. ತುದಿ ಎಡಕ್ಕೆ. ಕಡುಬು, ಪಲ್ಯ, ಮೀನು ಸಾರು ಬಡಿಸಿದಳು.

“ಇದೆಂತ ಹೀಗೆ?” ಎಂದ ಬೆಳ್ಳಪ್ಪ. “ಎಡೆಯೂ ಅಲ್ಲ, ಊಟವೂ ಅಲ್ಲ.”

“ಇರ್ಲಿ ದೊಡ್ಡಮಾವ. ಗೊತ್ತಾಗೋ ತನಕ ಇರ್ಲಿ,” ಎಂದಳು ವಿನಯಾ.

ಅವನು ಹುಬ್ಬು ಗಂಟಿಕ್ಕಿದ. ಒಬ್ಬೊಬ್ಬರಾಗಿ ಹೊರಗೆ ಬಂದರು. ದೀಪದ ಕುಡಿ ಸರಿಮಾಡಿ ಹುಲಿಯಮ್ಮ ಕೊನೆಗೆ ಬಂದಳು, ಬಾಗಿಲು ಎಳೆದುಕೊಂಡಳು.

ಎಲ್ಲರೂ ಜಗುಲಿಯಲ್ಲಿ ಕೂತರು. ಮೋಡ ಕವಿದು ಹೊತ್ತು ಕಪ್ಪಾಗಿತ್ತು. ಒಳಗೆ ಏನೋ ಸದ್ದಾಯಿತು. ಚೊಂಬು ಸರಿದ ಹಾಗೆ, ಆಮೇಲೆ ಒದ್ದೆ ಕಾಲು ಗಾರೆ ನೆಲದ ಮೇಲೆ ಊರಿದ ಹಾಗೆ. ಬೆಳ್ಳಪ್ಪ ಅಂಗಳದ ಕಡೆ ನೋಡತೊಡಗಿದ. ಬೆಕ್ಕು ಇರಬಹುದು. ಆದರೆ ಬೆಕ್ಕು ಜಗುಲಿಯಲ್ಲೇ, ಹುಲಿಯಮ್ಮನ ಕಾಲ ಬಳಿಯೇ ಮಲಗಿತ್ತು. ವಿನಯಾಳಿಗೆ ಎದ್ದು ಬಾಗಿಲು ತಳ್ಳಿ ಓಡಬೇಕು, ಒಮ್ಮೆ, ಒಂದೇ ಒಂದು ಸಲ ನೋಡಬೇಕು ಎನ್ನಿಸಿತು. ನೋಡಿದರೆ ಅರ್ಧಕ್ಕೆ ಎದ್ದು ಹೋಗುತ್ತಾನೆ. ಉಣ್ಣಲಿ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಬೆಳ್ಳಪ್ಪ ಕೊನೆಗೆ ಎದ್ದು ಕೆಮ್ಮಿದ. ಒಳಗಿನವರಿಗೆ ಸುಳಿವು ಕೊಡಲು ಚಪ್ಪಾಳೆ ತಟ್ಟಿ ಬಾಗಿಲು ತೆರೆದ.

ದೀಪ ಉರಿಯುತ್ತಿತ್ತು. ಎಲೆಗಳೆಲ್ಲ ಇದ್ದ ಹಾಗೇ ಇದ್ದವು. ಕಿಟಕಿಯ ಕೆಳಗಿನ ಎಲೆ ಮಾತ್ರ ತಿರುಗಿತ್ತು. ತುದಿ ಬಲಕ್ಕಿತ್ತು. ಪಕ್ಕದಲ್ಲಿ ಯೋಗರಾಜನ ಚೊಂಬಿನಲ್ಲಿ ನೀರು.

ಬೆಳ್ಳಪ್ಪ ಕೈ ಮುಗಿದು “ಬಂದಿದ್ದ,” ಎಂದ. ವಿನಯಾ ಬಾಗಿಲ ದಾರಂದ ಹಿಡಿದಳು.

“ನಾನೇ ತಿರುಗಿಸ್ದೆ,” ಎಂದಳು ಹಿಂದಿನಿಂದ ಹುಲಿಯಮ್ಮ.

ಇಬ್ಬರೂ ತಿರುಗಿ ನೋಡಿದರು.

“ಹೊರಗೆ ಬರೋವಾಗ ತಿರುಗಿಸ್ದೆ. ನೀರೂ ನಾನೇ ಇಟ್ಟೆ. ನಿನ್ನೆ ಆ ಹುಡ್ಗ ಅಲ್ಲಿ ಕೂತಿದ್ದ ನೋಡು. ಯೋಗೂ ಅಂತ ಕರ್ದೆ. ಕರೆಯೋವಾಗ್ಲೇ ಒಳಗಿಂದ ಗೊತ್ತಿತ್ತು ನಂಗೆ, ಅಲ್ಲ ಅಂತ. ಎಲ್ಲ ದಿನವೂ ಗೊತ್ತಿತ್ತು. ತಟ್ಟೆಗೆ ಬಡಿಸೋವಾಗ್ಲೂ ಗೊತ್ತಿತ್ತು.” ಮುದುಕಿಯ ದನಿ ಒಡೆಯಿತು. “ನಾನು ಇದಾನೆ ಇದಾನೆ ಅಂತ ಹಟ ಹಿಡಿದು, ನನ್ ಮಗನ್ನ ಇಷ್ಟು ದಿನ ಬಾಗ್ಲಲ್ಲಿ ಹಸ್ಕೊಂಡು ನಿಲ್ಲಿಸ್ಬಿಟ್ಟೆ ಕಣೆ. ಉಣ್ಲಿ. ಅವ್ನ ಅಜ್ಜನ ಜೊತೆ ಕೂತು ಉಣ್ಲಿ.”

ವಿನಯಾ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಅವನು ಹೋದ ಮೇಲೆ ಅವಳು ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು. ಅಳಲು ಹೊರಟರೆ ಸತ್ತನೆಂದು ಒಪ್ಪಿದಂತೆ ಎಂದು ಇಷ್ಟು ಕಾಲ ನುಂಗಿಕೊಂಡಿದ್ದಳು. ಹುಲಿಯಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತ ತಾನೂ ಅತ್ತಳು. ಬೆಳ್ಳಪ್ಪ ಅಂಗಳಕ್ಕೆ ಇಳಿದು ಮೂಗು ಸೀಟಿಕೊಂಡ.

ಎಡೆ ಎತ್ತಿ ಆದ ಮೇಲೆ ಮನೆಯವರ ಊಟ. ಹುಲಿಯಮ್ಮ ಯೋಗರಾಜನ ಸ್ಟೀಲಿನ ತಟ್ಟೆಯನ್ನು ತೊಳೆದು ತಂದು ಕಿಟಕಿಯ ಕೆಳಗೆ ಇಟ್ಟಳು.

“ಬಾ ಮಗಾ, ಇಲ್ಲಿ ಕೂತ್ಕ.”

“ಅತ್ತೆ, ಅದು...”

“ಕೂತ್ಕ ಅಂದೆ. ಗಾಳಿ ಬತ್ತದೆ ಅಲ್ಲಿ.”

ವಿನಯಾ ಕೂತಳು. ಮಣೆ ತಣ್ಣಗಿತ್ತು. ಮೀನು ಸಾರಿನ ಹುಳಿ ನಾಲಿಗೆಗೆ ಚುರ್ ಎಂದಿತು. ಎರಡು ತುತ್ತು ತಿನ್ನುವಷ್ಟರಲ್ಲಿ ಮಣೆ ಅವಳ ಮೈಬಿಸಿಗೆ ಬೆಚ್ಚಗಾಯಿತು.

ಸಂಜೆ ಸುನಿಲ್ ಫೋನು ಮಾಡಿದ. ಗುಪ್ತ ಮೆಷಿನ್ನು, ಬೇರೆ ಮೆಷಿನ್ನು, ಎರಡೂ ಸರಿ ಹೋದವು, ಒಂದೂ ಬಾಯಿ ಕಟ್ಟಿ ನಿಂತಿಲ್ಲ ಎಂದ. ಆಮೇಲೆ, “ಕಿಟಕೀಲಿ ಅದೇ ಸಾಲು ಇದೆ ವಿನಯಾ,” ಎಂದ.

“ಇರ್ಲಿ ಬಿಡು,” ಎಂದಳು. “ಕೇಳ್ತಾ ಇರ್ಲಿ.”

ಮರುದಿನ ಸಾಗರದ ಬಸ್ಸು ತುಂಬಿತ್ತು. ವಿನಯಾ ಕಿಟಕಿಯ ಬದಿಗೆ ಕೂತು ಅಭ್ಯಾಸದಂತೆ ಪಕ್ಕದಲ್ಲಿ ಬ್ಯಾಗು ಇಟ್ಟಿದ್ದಳು. ಸೇತುವೆ ಹತ್ತಿರ ಬರುವಾಗ ಬಾಳೆಗೊನೆ ಹಿಡಿದ ಹೆಂಗಸೊಬ್ಬಳು ಹತ್ತಿ, ಕಂಬಿ ಹಿಡಿದು ತೂಗಾಡುತ್ತ ಬಂದು ಕೇಳಿದಳು.

“ಇಲ್ಲಿ ಯಾರಾದ್ರೂ ಇದಾರಾ ತಂಗೀ?”

ಬಸ್ಸು ನೀರಿನ ಮೇಲೆ ಬಂದಿತ್ತು. ವಿನಯಾ ಆ ಸೀಟನ್ನು ಒಂದು ಗಳಿಗೆ ನೋಡಿದಳು. ತೋಳಿಗೆ ತಣ್ಣಗಿನ ಗಾಳಿ ತಾಗಿತು, ಅದು ಕಿಟಕಿಯ ಗಾಳಿಯೇ ಆಗಿತ್ತು. ಬ್ಯಾಗು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

“ಇಲ್ಲ,” ಎಂದಳು. “ಇಲ್ಲಕ್ಕ. ಕೂತ್ಕಳಿ.”

ಆ ಹೆಂಗಸು ಕೂತು, ಬಾಳೆಗೊನೆಯನ್ನು ಕಾಲಿನ ನಡುವೆ ಇಟ್ಟುಕೊಂಡಳು. ವಿನಯಾ ಕಿಟಕಿಯ ಕಡೆ ತಿರುಗಿ, ಸೇತುವೆ ಮುಗಿಯುವ ತನಕ ನೀರು ನೋಡಿದಳು.